ಅಜ್ಜೀ, ಅದು ನಗ್ತಾ ಇತ್ತಾ?

ಹೋದ ತಿಂಗಳು ಹಾವುಗಳ ಬಗ್ಗೆ ಬರೆಯುತ್ತಾ, ಸಂದರ್ಭ ಬಂತೆಂದು "ಡಾಲ್ಫಿನ್ ಶೋ ನೋಡಿ ಚಪ್ಪಾಳೆ ಹೊಡೆಯುವವರು ಹಾವಾಡಿಗನನ್ನು ಬೈಯುತ್ತಾರೆ" ಎಂದು ಒಂದು ಸಾಲು ಹಾಕಿದ್ದೆ. ಆ ಸಾಲಿಗೆ ಹದಿನಾರು ಪತ್ರ ಬಂದಿವೆ, ಹಾವಿಗೆ ಬಂದಿದ್ದು ಮೂರು. ಹಾವುಗಳು ಬೇಸರ ಮಾಡಿಕೊಳ್ಳಬಾರದು. ಈ ಸಲ ಪುಟ ಪೂರ್ತಿ ಡಾಲ್ಫಿನ್ನಿಗೆ.

ಪ್ರಶ್ನೆ: ಮಗ ಗಲ್ಫಿನಲ್ಲಿ ಇಂಜಿನಿಯರ್. ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದಾಗ ಮೊಮ್ಮಗನ ಹುಟ್ಟುಹಬ್ಬಕ್ಕೆಂದು ಎಲ್ಲರೂ ಡಾಲ್ಫಿನ್ ಶೋಗೆ ಹೋದೆವು. ಚೆಂಡು ಎಸೆಯಿತು, ಕುಣಿಯಿತು, ಬಾಯಲ್ಲಿ ಕುಂಚ ಹಿಡಿದು ಚಿತ್ರವನ್ನೂ ಬಿಡಿಸಿತು. ವಾಪಸ್ ಬರುವಾಗ ಕಾರಿನಲ್ಲಿ ಆರು ವರ್ಷದ ಹುಡುಗ ಕೇಳಿದ: "ಅಜ್ಜೀ, ಅದು ನಿಜವಾಗ್ಲೂ ನಗ್ತಾ ಇತ್ತಾ?" ನಾನು ಹೂಂ ಅಂದುಬಿಟ್ಟೆ. ಆಮೇಲೆ ನಿಮ್ಮ ಸಾಲು ಓದಿದೆ. ಸುಳ್ಳು ಹೇಳಿದೆನೇ? ಅವನ್ನು ಎಲ್ಲಿಂದ ತರುತ್ತಾರೆ?
(ಹೆಸರು ಬೇಡ ಎಂದಿದ್ದಾರೆ, ಮೈಸೂರು)

ಉತ್ತರ: ನಾನೂ ಒಂದು ಕಾಲಕ್ಕೆ ಹೂಂ ಅಂದವಳೇ. ಆ ನಗು ಇರುವುದು ದವಡೆಯ ಮೂಳೆಯಲ್ಲಿ. ನಮ್ಮ ಹಾಗೆ ಮುಖದ ಸ್ನಾಯು ಎಳೆದು ನಗುವುದು, ಅಳುವುದು ಅದಕ್ಕೆ ಬರುವುದಿಲ್ಲ. ಕುಮಟಾದಲ್ಲಿ ಪಾಠ ಮಾಡುತ್ತಿದ್ದಾಗ ಒಂದು ಮಳೆಗಾಲದಲ್ಲಿ ಡಾಲ್ಫಿನ್ ಸತ್ತು ದಡಕ್ಕೆ ಬಿದ್ದಿದೆ ಎಂದು ಹುಡುಗರು ಓಡಿ ಬಂದರು. ಹೋಗಿ ನೋಡಿದರೆ ಸತ್ತು ಎರಡು ದಿನವಾಗಿತ್ತು. ಚರ್ಮ ಸುಲಿದಿತ್ತು, ಒಂದು ಕಣ್ಣನ್ನು ಕಾಗೆ ಕುಕ್ಕಿ ಮುಗಿಸಿತ್ತು. ಬಾಯಿ ಮಾತ್ರ ಹಾಗೇ ನಗುತ್ತಿತ್ತು. ಅವತ್ತಿನಿಂದ ಆ ನಗುವನ್ನು ನಂಬುವುದು ಬಿಟ್ಟೆ. ಮೊಮ್ಮಗನಿಗೆ ಹೀಗೇ ಹೇಳಿ. ಆರು ವರ್ಷದವರಿಗೆ ಮೂಳೆಯ ವಿಷಯ ಚೆನ್ನಾಗಿ ಅರ್ಥವಾಗುತ್ತದೆ, ಕಾಗೆಯ ವಿಷಯ ಬೇಕಾದರೆ ಬಿಡಿ.

ಎಲ್ಲಿಂದ ತರುತ್ತಾರೆ ಎಂದಿರಿ. ಕೊಳದಲ್ಲೇ ಹುಟ್ಟಿದವು ಇವೆ, ಸಮುದ್ರದಿಂದ ಹಿಡಿದವೂ ಇವೆ. ಹಿಡಿಯುವುದಕ್ಕೆ ಹೆಸರಾದ ಊರು ಜಪಾನಿನ ವಕಯಾಮ ಪ್ರಾಂತ್ಯದ ತೈಜಿ, ಸುಮಾರು ಮೂರು ಸಾವಿರ ಜನರ ಪುಟ್ಟ ಬಂದರು. ಅಲ್ಲಿ ನಡೆಯುವುದನ್ನು ಮೈಸೂರಿನವರಿಗೆ ಒಂದೇ ಪದದಲ್ಲಿ ಹೇಳಬಹುದು: ಖೆಡ್ಡಾ.

ನಾನು ಹುಟ್ಟಿದ್ದು ಹೆಗ್ಗಡದೇವನಕೋಟೆಯಲ್ಲಿ. 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದಾಗ ನನಗೆ ಒಂಬತ್ತು ವರ್ಷ. ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು. ಆನೆಗಳಿಗಿಂತ ಹೆಚ್ಚು ನೆನಪಿರುವುದು ಗದ್ದಲ. ತಮಟೆ, ಗರ್ನಾಲು, ಬಿದಿರು ಬಡಿಯುವ ಸದ್ದು. ಹಿಂಡು ಹೆದರಿದ್ದು ಆ ಸದ್ದಿಗೇ. ಸದ್ದಿಲ್ಲದ ಕಡೆ ದಾರಿ ಇದೆ ಎಂದುಕೊಂಡು ಓಡುತ್ತದೆ, ಆ ದಾರಿಯ ಕೊನೆಯಲ್ಲಿ ಬೇಲಿ ಇರುತ್ತದೆ.

ತೈಜಿಯಲ್ಲೂ ಅದೇ ಲೆಕ್ಕ. ಸೆಪ್ಟೆಂಬರಿನಿಂದ ಚಳಿಗಾಲ ಮುಗಿಯುವವರೆಗೆ ಹತ್ತು ಹನ್ನೆರಡು ಬೋಟುಗಳು ಬೆಳಗಿನ ಜಾವ ಹೊರಡುತ್ತವೆ. ಹಿಂಡು ಕಂಡ ಕೂಡಲೇ ಸಾಲಾಗಿ ನಿಂತು, ಉದ್ದನೆಯ ಉಕ್ಕಿನ ಕೊಳವೆಗಳನ್ನು ನೀರಿಗೆ ಇಳಿಬಿಟ್ಟು ಮೇಲಿನ ತುದಿಗೆ ಸುತ್ತಿಗೆಯಿಂದ ಹೊಡೆಯುತ್ತಾರೆ. ಡಾಲ್ಫಿನ್ ದಾರಿ ಹುಡುಕುವುದು ಕಿವಿಯಿಂದ. ತಾನು ಮಾಡಿದ ಸದ್ದು ಎದುರಿನ ವಸ್ತುವಿಗೆ ತಾಗಿ ಬರುವ ಮಾರ್ದನಿಯಿಂದ ಅದಕ್ಕೆ ಲೋಕ ಕಾಣುತ್ತದೆ. ಈ ಹೊಡೆತ ಅದರ ಪಾಲಿಗೆ ನೀರಿನಲ್ಲಿ ಎದ್ದ ಗೋಡೆ. ಗೋಡೆಯಿಂದ ದೂರ ಓಡುತ್ತಾ ಓಡುತ್ತಾ ಒಂದು ಚಿಕ್ಕ ಕೊಲ್ಲಿಯೊಳಗೆ ಬರುತ್ತದೆ. ಹಿಂದೆ ಬಲೆ ಎಳೆದು ಬಾಯಿ ಮುಚ್ಚುತ್ತಾರೆ. ಎಷ್ಟೋ ಸಲ ರಾತ್ರಿಯಿಡೀ ಹಾಗೇ ಬಿಡುತ್ತಾರೆ. ಬೆಳಿಗ್ಗೆ ತರಬೇತುದಾರರು ನೀರಿಗಿಳಿದು ಗಾಯವಿಲ್ಲದ, ಎಳೆಯ, ಹೆಚ್ಚಾಗಿ ಹೆಣ್ಣು ಡಾಲ್ಫಿನ್‌ಗಳನ್ನು ಆರಿಸುತ್ತಾರೆ. ಉಳಿದವುಗಳಲ್ಲಿ ಕೆಲವನ್ನು ಬಿಡುವುದುಂಟು, ಬಹಳಷ್ಟನ್ನು ಟಾರ್ಪಾಲಿನ ಮರೆಯಲ್ಲಿ ಕೊಲ್ಲುತ್ತಾರೆ. ಟಾರ್ಪಾಲು ಬಂದಿದ್ದು ಕ್ಯಾಮೆರಾಗಳು ಬಂದ ಮೇಲೆ. ಉಸಿರುರಂಧ್ರದ ಹಿಂದೆ ಕಬ್ಬಿಣದ ಸಲಾಕೆ ಚುಚ್ಚಿ, ನೀರು ಕೆಂಪಾಗದಿರಲಿ ಎಂದು ಆ ತೂತಿಗೆ ಮರದ ಬೆಣೆ ಬಡಿಯುತ್ತಾರೆ.

ಆರಿಸಿದವು ಎಲ್ಲಿಗೆ ಹೋಗುತ್ತವೆ? ಜಪಾನಿನ ಅಕ್ವೇರಿಯಂಗಳಿಗೆ, ಚೀನಾಕ್ಕೆ, ಇನ್ನೂ ಬೇರೆ ದೇಶಗಳಿಗೆ. ಪಳಗಿಸಿದ ಒಂದು ಡಾಲ್ಫಿನ್ನಿಗೆ ಸಿಗುವ ಬೆಲೆ ಅದರ ಮಾಂಸದ ಬೆಲೆಯ ಎಷ್ಟೋ ಪಟ್ಟು. ಮಾಂಸಕ್ಕೆ ಗಿರಾಕಿ ಕಡಿಮೆಯಾಗುತ್ತಾ ಬಂದರೂ ಬೋಟುಗಳು ಹೊರಡುವುದು ನಿಲ್ಲದಿರುವುದಕ್ಕೆ ದೊಡ್ಡ ಕಾರಣ ಇದು. ಅಂದರೆ ಬೋಟಿನ ಡೀಸೆಲ್ಲಿಗೆ ಟಿಕೆಟ್ಟಿನ ದುಡ್ಡೂ ಸೇರಿದೆ. ಬರೀ ಜಪಾನನ್ನು ಬೈದರೂ ಸರಿಯಾಗದು. 2008-09ರಲ್ಲಿ ಸಿಂಗಪುರದ ಸೆಂಟೋಸಾದ ರೆಸಾರ್ಟೊಂದಕ್ಕಾಗಿ 27 ಡಾಲ್ಫಿನ್‌ಗಳನ್ನು ಕೊಂಡಿದ್ದು ಸಾಲೊಮನ್ ದ್ವೀಪಗಳಿಂದ. ಅದರಲ್ಲಿ ಎರಡು ಮಲೇಷ್ಯಾದ ಲಂಕಾವಿಯಲ್ಲಿ ಇಟ್ಟಿದ್ದಾಗ ಸತ್ತವು. ಇನ್ನೊಂದು 2012ರಲ್ಲಿ ಫಿಲಿಪ್ಪೀನ್ಸಿನಿಂದ ತರುವಾಗ ವಿಮಾನದಲ್ಲೇ ಸತ್ತಿತು.

ನಾನು ಯಾವಾಗ ಹೂಂ ಅಂದೆ ಎಂದು ಹೇಳಿಬಿಡುತ್ತೇನೆ. ಹದಿನೈದು ವರ್ಷದ ಹಿಂದೆ, ಆಗ್ನೇಯ ಏಷ್ಯಾದ ಒಂದು ಪ್ರವಾಸಿ ಊರಿನಲ್ಲಿ, ಟೂರ್ ಪ್ಯಾಕೇಜಿನ ಜೊತೆ. ಪ್ರಾಣಿಶಾಸ್ತ್ರದ ಮೇಷ್ಟ್ರಾಗಿಯೂ ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ಹೊಡೆದೆ. ಎಲ್ಲರೂ ಎದ್ದು ಹೋದ ಮೇಲೆ ಮರೆತ ಛತ್ರಿಗೆಂದು ವಾಪಸ್ ಬಂದೆ. ಹಿಂದುಗಡೆ ಕೊಳದ ಬಾಗಿಲು ತೆರೆದಿತ್ತು. ನಮ್ಮ ಹಳ್ಳಿ ಮನೆಯ ಹಜಾರದಷ್ಟು ಜಾಗ. ಅದರಲ್ಲಿ ಒಂದು ಡಾಲ್ಫಿನ್ ಎಡಕ್ಕೇ ಸುತ್ತು ಹಾಕುತ್ತಿತ್ತು. ಪ್ರತಿ ಸುತ್ತಿಗೂ ಕಬ್ಬಿಣದ ಗೇಟಿನ ಅದೇ ಜಾಗಕ್ಕೆ ಬಂದು ಹಲ್ಲಿನಿಂದ ಒಮ್ಮೆ ಕೆರೆಯುತ್ತಿತ್ತು. ನೀಲಿ ಬಣ್ಣ ಹೋಗಿ ಅಲ್ಲಿ ಬೆಳ್ಳಗಾಗಿತ್ತು. ನಲವತ್ತೊಂದು ಸುತ್ತು ಎಣಿಸಿದೆ. ಆಮೇಲೆ ಗೈಡ್ ಬಂದು ಬಸ್ ಹೊರಟಿತು ಎಂದ.

ಪ್ರಶ್ನೆ: ಅಕ್ಕೋರೇ, ನಮ್ಮದು ಮೂರು ತಲೆಮಾರಿನಿಂದ ಮೀನುಗಾರಿಕೆ. ಜಪಾನಿನವರು ಡಾಲ್ಫಿನ್ ತಿಂದರೆ ನಮಗೇನು? ನಾವು ಬಂಗುಡೆ ತಿನ್ನುವುದಿಲ್ಲವೇ, ಕೋಳಿ ಕೊಯ್ಯುವುದಿಲ್ಲವೇ? ನಾಳೆ ಯಾರೋ ಬಂದು ನಮ್ಮ ಬಲೆಗೂ ಕೈ ಹಾಕಿದರೆ? ಪಟ್ಟಣದವರಿಗೆ ಪ್ರಾಣಿ ಪ್ರೀತಿ ಬಂದಾಗಲೆಲ್ಲ ಬಡವರ ಹೊಟ್ಟೆಗೆ ಕಲ್ಲು ಬೀಳುತ್ತದೆ.
(ಹೊನ್ನಾವರದಿಂದ)

ಉತ್ತರ: ನಿಮ್ಮ ಕೊನೆಯ ವಾಕ್ಯಕ್ಕೆ ನನ್ನ ಸಹಿಯೂ ಇದೆ. ಹೊರಗಿನವರು ದಡದಲ್ಲಿ ನಿಂತು "ಕೊಲೆಗಾರರು" ಎಂದು ಕೂಗಿದ್ದರಿಂದ ತೈಜಿಯ ಜನ ಇನ್ನಷ್ಟು ಬಿಗಿಯಾದರು. ನನ್ನನ್ನು ಯಾರಾದರೂ ಹಾಗೆ ಕೂಗಿದರೆ ನಾನೂ ಬಿಗಿಯಾಗುತ್ತಿದ್ದೆ. ತಿನ್ನುವ ವಿಷಯದಲ್ಲಿ ನಾನು ವಾದಕ್ಕೆ ಬರುವುದಿಲ್ಲ. ನಮ್ಮ ಮನೆಯಲ್ಲೂ ತಾರಲೆ ಸಾರು ಆಗುತ್ತದೆ.

ಆದರೆ "ಹಿಂದಿನಿಂದ ನಡೆದು ಬಂದಿದ್ದು" ಎನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ತೈಜಿಯಲ್ಲಿ ತಿಮಿಂಗಿಲ ಬೇಟೆ 1606ರಿಂದ ಇದೆ, ನಿಜ. ಡಾಲ್ಫಿನ್ ಹಿಂಡನ್ನು ದೊಡ್ಡ ಪ್ರಮಾಣದಲ್ಲಿ ಅಟ್ಟಿ ಹಿಡಿಯುವುದು ಶುರುವಾಗಿದ್ದು 1969ರಲ್ಲಿ. ಊರಿನ ತಿಮಿಂಗಿಲ ಮ್ಯೂಸಿಯಂ ತೆರೆದದ್ದೂ ಅದೇ ವರ್ಷ, ಅದರ ಕೊಳಕ್ಕೆ ಜೀವಂತ ಪ್ರಾಣಿ ಬೇಕಿತ್ತು. ನನಗಿಂತ ಏಳು ವರ್ಷ ಚಿಕ್ಕ ಸಂಪ್ರದಾಯ ಅದು.

ಇನ್ನು ಹೊಟ್ಟೆಯ ಮಾತು. ಡಾಲ್ಫಿನ್ ಕಡಲಿನ ಊಟದ ಸಾಲಿನಲ್ಲಿ ಕೊನೆಯಲ್ಲಿ ಕೂರುವ ಪ್ರಾಣಿ. ಸಣ್ಣ ಮೀನಿನ ಮೈಯಲ್ಲಿ ಚೂರು ಪಾದರಸ, ಅದನ್ನು ತಿಂದ ದೊಡ್ಡ ಮೀನಿನಲ್ಲಿ ಹೆಚ್ಚು, ಅದನ್ನು ಹತ್ತಾರು ವರ್ಷ ತಿಂದ ಡಾಲ್ಫಿನ್ನಿನಲ್ಲಿ ಇನ್ನೂ ಹೆಚ್ಚು. ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದು ಜನ ನರಳಿದ ಮಿನಮಾಟ ಎಂಬ ಊರನ್ನು ಕಂಡ ದೇಶಕ್ಕೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. 2007ರಲ್ಲಿ ತೈಜಿಯ ಶಾಲೆಯ ಮಧ್ಯಾಹ್ನದ ಊಟಕ್ಕೆ ಈ ಮಾಂಸ ಹಾಕುವುದನ್ನು ಬಹಿರಂಗವಾಗಿ ವಿರೋಧಿಸಿದವರು ಅದೇ ಊರಿನ ಇಬ್ಬರು ಕೌನ್ಸಿಲ್ ಸದಸ್ಯರು. ಸಣ್ಣ ಊರಿನಲ್ಲಿ ಹಾಗೆ ಎದ್ದು ನಿಂತು ಮಾತಾಡುವುದು ಎಷ್ಟು ಕಷ್ಟ ಎಂದು ನಿಮಗೆ ಬೇರೆ ಹೇಳಬೇಕೇ? 2010ರಲ್ಲಿ ಮಿನಮಾಟ ಸಂಸ್ಥೆಯವರು ತೈಜಿ ಜನರ ಕೂದಲು ಪರೀಕ್ಷಿಸಿದಾಗ ಪಾದರಸ ದೇಶದ ಸರಾಸರಿಗಿಂತ ಹೆಚ್ಚೇ ಇತ್ತು.

ನನಗೆ ಗಟ್ಟಿ ಅನ್ನಿಸಿದ ಬದಲಾವಣೆಗಳಲ್ಲಿ ಒಳಗಿನವರ ಕೈ ಇದ್ದೇ ಇದೆ. ಜಪಾನಿನದೇ ಇಝು ಪರ್ಯಾಯದ್ವೀಪದ ಫುತೊ ಎಂಬ ಊರಿನಲ್ಲಿ ಡಾಲ್ಫಿನ್ ಬೇಟೆಯಾಡುತ್ತಿದ್ದ ಮೀನುಗಾರರೊಬ್ಬರು 2002ರ ಹೊತ್ತಿಗೆ ಅದೇ ಬೋಟಿನಲ್ಲಿ ಜನರನ್ನು ಕೂರಿಸಿಕೊಂಡು ಡಾಲ್ಫಿನ್ ತೋರಿಸತೊಡಗಿದರು. 2015ರಲ್ಲಿ ಪ್ರಾಣಿ ಸಂಗ್ರಹಾಲಯಗಳ ವಿಶ್ವ ಸಂಘ ಜಪಾನಿನ ಸಂಘವನ್ನು ಅಮಾನತು ಮಾಡಿತು. ಮರುತಿಂಗಳೇ ಜಪಾನಿನ ಅಕ್ವೇರಿಯಂಗಳು ತಮ್ಮೊಳಗೇ ಮತ ಹಾಕಿ, ತೈಜಿಯಲ್ಲಿ ಅಟ್ಟಿ ಹಿಡಿದ ಡಾಲ್ಫಿನ್ ಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದವು. ಸಂಘ ಬಿಟ್ಟು ಹೊರಗೆ ಹೋದವರೂ ಇದ್ದಾರೆ, ತೈಜಿಯ ಮ್ಯೂಸಿಯಂ ಅವರಲ್ಲೊಂದು. ಬೇಟೆ ಇನ್ನೂ ನಿಂತಿಲ್ಲ. ಅತ್ತ ಉತ್ತರ ಅಟ್ಲಾಂಟಿಕ್ ಸಾಗರದ ಫೇರೊ ದ್ವೀಪಗಳಲ್ಲಿ 2021ರ ಸೆಪ್ಟೆಂಬರಿನಲ್ಲಿ ಒಂದೇ ದಿನ 1,428 ಡಾಲ್ಫಿನ್ ಕೊಂದಾಗ, ಬೇಟೆಯನ್ನು ಸಮರ್ಥಿಸುತ್ತಿದ್ದ ಅಲ್ಲಿಯ ಜನವೇ ಇದು ಅತಿಯಾಯಿತು ಎಂದರು. ಮರುವರ್ಷ ಸರ್ಕಾರ ವರ್ಷಕ್ಕೆ 500ರ ಮಿತಿ ಹಾಕಿತು. 500 ಕೂಡ ನನಗೆ ದೊಡ್ಡ ಸಂಖ್ಯೆಯೇ.

ನಿಮ್ಮ ಬಲೆಗೆ ಯಾರಾದರೂ ಕೈ ಹಾಕಿಯಾರು ಎಂಬ ಭಯ ಬೇಡ ಎಂದು ನಾನು ಹೇಳಲಾರೆ, ಕಾಲ ಹಾಗಿದೆ. ಆದರೆ ನಿಮ್ಮ ಬಂದರಿನಲ್ಲೇ ಒಬ್ಬ ಮುದುಕರು ಹೊಸ ಬಲೆಯನ್ನು ಮಾರುದ್ದ ಕೊಯ್ದು ಡಾಲ್ಫಿನ್ ಮರಿಯೊಂದನ್ನು ಬಿಟ್ಟಿದ್ದನ್ನು ನೋಡಿದ್ದೇನೆ. ಬಲೆ ಹೋಯಿತಲ್ಲ ಎಂದೆ. "ಅದರ ತಾಯಿ ಬೋಟು ಬಿಟ್ಟು ಹೋಗಲಿಲ್ಲ ಅಕ್ಕೋರೇ, ಕೆಲಸ ಮಾಡೋಕೆ ಆಗಲಿಲ್ಲ" ಎಂದು ಬೈದುಕೊಳ್ಳುತ್ತಾ ಬೀಡಿ ಹಚ್ಚಿದರು.

ಪ್ರಶ್ನೆ: ಹಿಡಿದಿಟ್ಟ ಡಾಲ್ಫಿನ್‌ಗಳನ್ನು ಸಮುದ್ರಕ್ಕೆ ಬಿಟ್ಟುಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಬಿಟ್ಟರೆ ಬದುಕುತ್ತವೆಯೇ? ಸಾಕಿದ ಗಿಳಿಯನ್ನು ಹಾರಿಬಿಟ್ಟ ಹಾಗೆ ಆಗುವುದಿಲ್ಲವೇ?
(ಶಿವಮೊಗ್ಗದಿಂದ)

ಉತ್ತರ: ಹದಿನಾರು ಪತ್ರಗಳಲ್ಲಿ ಒಳ್ಳೆಯ ಪ್ರಶ್ನೆ ಇದು. ಗೇಟು ತೆಗೆದರೆ ಆಗುವ ಕೆಲಸವಲ್ಲ. ಕೊಳದಲ್ಲಿ ಬಂಗುಡೆಯೇ ಸಂಬಳ: ಹಾರಿದರೆ ಒಂದು ಸತ್ತ ಮೀನು, ಹಾರದಿದ್ದರೆ ಇಲ್ಲ. ವರ್ಷಗಟ್ಟಲೆ ಬಕೆಟ್ಟಿನಿಂದ ತಿಂದವು ಎದುರಿಗೆ ಜೀವಂತ ಮೀನು ಬಂದರೆ ಸುಮ್ಮನೆ ನೋಡುತ್ತವೆ. ಎಂಜಿನ್ ಸದ್ದು ಕೇಳಿದರೆ ಊಟ ಬಂತೆಂದು ಬೋಟಿನ ಹತ್ತಿರ ಬರುತ್ತವೆ.

ದಕ್ಷಿಣ ಕೊರಿಯಾದ ಜೇಡೊಲ್‌ನ ಕಥೆ ಕೇಳಿ. 2009ರಲ್ಲಿ ಜೇಜು ದ್ವೀಪದ ಹತ್ತಿರ ಮೀನಿನ ಬಲೆಗೆ ಸಿಕ್ಕ ಗಂಡು. ಸಿಕ್ಕರೆ ಬಿಡಬೇಕೆಂದು ಅಲ್ಲಿ ಕಾನೂನಿದ್ದರೂ ಶೋ ನಡೆಸುವವರಿಗೆ ಮಾರಿದರು. ಅಲ್ಲಿಂದ ರಾಜಧಾನಿ ಸೋಲ್‌ನ ನಗರಾಡಳಿತದ ಮೃಗಾಲಯಕ್ಕೆ ಹೋಯಿತು. ಅಕ್ರಮ ಹೊರಗೆ ಬಂದು, ಪ್ರಾಣಿಪರ ಸಂಘಟನೆಗಳು ಬೆನ್ನು ಹತ್ತಿದ ಮೇಲೆ 2012ರಲ್ಲಿ ಅಂದಿನ ಮೇಯರ್ ಪಾರ್ಕ್ ವೊನ್-ಸೂನ್ ಅದನ್ನು ಹುಟ್ಟಿದ ನೀರಿಗೇ ಬಿಡುತ್ತೇವೆ ಎಂದರು. ಜನರ ತೆರಿಗೆ ಹಣ ಒಂದು ಡಾಲ್ಫಿನ್ನಿಗೇಕೆ ಎಂದು ಗಲಾಟೆಯೂ ಆಯಿತು. ಮರುವರ್ಷ ಅಲ್ಲಿಯ ಸುಪ್ರೀಂ ಕೋರ್ಟು ಹಾಗೆಯೇ ಅಕ್ರಮವಾಗಿ ಹಿಡಿದ ಇನ್ನಷ್ಟು ಡಾಲ್ಫಿನ್‌ಗಳ ಜಪ್ತಿಯನ್ನು ಎತ್ತಿಹಿಡಿಯಿತು.

2013ರ ಬೇಸಿಗೆಯಲ್ಲಿ ಜೇಡೊಲ್, ಹೀಗೆ ಜಪ್ತಿಯಾದವುಗಳಲ್ಲಿ ಚುನ್‌ಸಮ್, ಸಂಪಲ್ ಮೂರನ್ನೂ ಜೇಜುವಿನ ಕಡಲಲ್ಲಿ ಬಲೆಯ ಆವರಣದೊಳಗೆ ಇಟ್ಟರು. ಜೀವಂತ ಮೀನು ಹಿಡಿಯುವುದನ್ನು ಮತ್ತೆ ಕಲಿಯಬೇಕಿತ್ತು. ಸಂಪಲ್ ಎಂಬವಳು ಮುಹೂರ್ತಕ್ಕೆ ಕಾಯಲಿಲ್ಲ. ಜೂನ್ 22ರಂದು ಬಲೆಯ ಹರಿದ ಜಾಗದಿಂದ ನುಸುಳಿ ಹೋದಳು. ಅಧಿಕಾರಿಗಳು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಕೆಲವೇ ದಿನಗಳಲ್ಲಿ ಕಾಡು ಹಿಂಡಿನ ನಡುವೆ ಈಜುತ್ತಾ ಕಾಣಿಸಿಕೊಂಡಳು. ಉಳಿದ ಎರಡನ್ನು ಜುಲೈ 18ರಂದು ಬಿಟ್ಟರು. ಗುರುತಿಗೆಂದು ಬೆನ್ನಿನ ರೆಕ್ಕೆಯ ಮೇಲೆ ಜೇಡೊಲ್‌ಗೆ 1, ಚುನ್‌ಸಮ್‌ಗೆ 2 ಎಂದು ಶೀತಮುದ್ರೆ (ತುಂಬಾ ತಣ್ಣಗೆ ಮಾಡಿದ ಲೋಹ ಒತ್ತಿ ಮೂಡಿಸುವ ಗುರುತು) ಹಾಕಿದ್ದರು. ಅವೂ ಹಿಂಡು ಸೇರಿದವು. 2016ರಲ್ಲಿ ಸಂಪಲ್ ಪಕ್ಕದಲ್ಲಿ ಮರಿ ಕಂಡಿತು, ಅದೇ ವರ್ಷ ಚುನ್‌ಸಮ್ ಪಕ್ಕದಲ್ಲೂ. ಶೋದಲ್ಲಿ ಕುಣಿದ ಹೆಣ್ಣುಗಳು ಕಡಲಿನಲ್ಲಿ ತಾಯಿಯಾದವು ಎಂದು ಓದಿದ ದಿನ ನಾನು ತರಗತಿಯಲ್ಲಿ ಪಾಠ ನಿಲ್ಲಿಸಿ ಹೇಳಿದ್ದೆ. ಹಿಂದಿನ ಬೆಂಚಿನವರೂ ಕೇಳಿದರು, ಅದು ನನ್ನ ವೃತ್ತಿಜೀವನದಲ್ಲಿ ಅಪರೂಪ.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತೆ. 2017ರಲ್ಲಿ ಗುಮ್‌ಡುಂಗ್, ದೆಪೊ ಎಂಬ ಎರಡನ್ನು ಬಿಟ್ಟರು. ಸುಮಾರು ಇಪ್ಪತ್ತು ವರ್ಷ ಕೊಳದಲ್ಲಿದ್ದವು. ಮತ್ತೆ ಕಾಣಲಿಲ್ಲ. 2005ರಲ್ಲಿ ಹಿಡಿದ ಬಿಬೊಂಗಿಯನ್ನು 2022ರ ಅಕ್ಟೋಬರಿನಲ್ಲಿ ಬಿಟ್ಟರು, ಅದೂ ಕಾಣಲಿಲ್ಲ. ಜೇಡೊಲ್ ಬಂಧನದಲ್ಲಿದ್ದುದು ನಾಲ್ಕೇ ವರ್ಷ, ತನ್ನ ಹಿಂಡಿನ ನೀರಿನಲ್ಲೇ ಬಿಟ್ಟರು, ಬಿಟ್ಟಾಗ ಜೊತೆಗೆ ಒಡನಾಡಿ ಇತ್ತು. ಬಿಬೊಂಗಿ ಒಂಟಿ. ನಿಮ್ಮ ಗಿಳಿಯ ಹೋಲಿಕೆ ಸರಿಹೊಂದುವುದು ಇಂಥವಕ್ಕೆ. ಹಲವು ವರ್ಷ ಕಳೆದವಕ್ಕೆ, ಕೊಳದಲ್ಲೇ ಹುಟ್ಟಿದವಕ್ಕೆ, ಕಡಲಿನ ಒಂದು ಮೂಲೆಗೆ ಬಲೆ ಕಟ್ಟಿ ನಿವೃತ್ತಿಯ ಜಾಗ ಮಾಡಿ ಸಾಯುವವರೆಗೆ ನೋಡಿಕೊಳ್ಳುವುದೇ ಸರಿ. ಇಂಡೊನೇಷ್ಯಾದ ಬಾಲಿಯಲ್ಲಿ ಅಂಥದ್ದೊಂದಿದೆ. ಅಲ್ಲಿ ಆರೈಕೆ ಮಾಡಿದ ಜಾನಿ, ರಾಕಿ, ರ‍್ಯಾಂಬೊ ಎಂಬ ಮೂರನ್ನು 2022ರ ಸೆಪ್ಟೆಂಬರಿನಲ್ಲಿ ಕಡಲಿಗೆ ಬಿಟ್ಟರು.

ಬಾಲಿಯ ಆ ಕೆಲಸದ ಹಿಂದೆ ಇರುವವರಲ್ಲಿ ರಿಕ್ ಒ'ಬ್ಯಾರಿ ಒಬ್ಬರು. 1960ರ ದಶಕದ ಅಮೆರಿಕದ ಟಿವಿ ಧಾರಾವಾಹಿ 'ಫ್ಲಿಪ್ಪರ್'ಗೆ ಡಾಲ್ಫಿನ್ ಹಿಡಿದು ಪಳಗಿಸಿಕೊಟ್ಟ ಮನುಷ್ಯ. ಅದರಲ್ಲಿ ನಟಿಸಿದ ಕ್ಯಾಥಿ ಎಂಬ ಡಾಲ್ಫಿನ್ 1970ರಲ್ಲಿ ಅವರ ತೋಳಿನಲ್ಲೇ ಸತ್ತಿತು. ಕೆಲವೇ ದಿನಗಳಲ್ಲಿ ಬಹಾಮಾಸ್‌ನಲ್ಲಿ ಇನ್ನೊಂದು ಡಾಲ್ಫಿನ್ ಬಿಡಿಸಲು ಹೋಗಿ ಜೈಲು ಸೇರಿದರು. ಹತ್ತು ವರ್ಷ ಹಿಡಿದರು, ಆಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಬಿಡಿಸುತ್ತಾ ಬಂದರು.

ಪ್ರಶ್ನೆ: ಬೆಂಗಳೂರಿಗೂ ಡಾಲ್ಫಿನ್ ಶೋ ಬರುತ್ತದೆ ಎಂದು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಿಜವೇ?
(ತುಮಕೂರಿನಿಂದ)

ಉತ್ತರ: ಬರುವ ಹಾಗಿಲ್ಲ. ಕೊಚ್ಚಿ, ಮುಂಬೈ, ದೆಹಲಿ ಕಡೆ ಇಂಥ ಪ್ರಸ್ತಾಪಗಳು ಬಂದಾಗ ವಿರೋಧ ಜೋರಾಗಿ, 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಎಲ್ಲ ರಾಜ್ಯಗಳಿಗೂ ಸುತ್ತೋಲೆ ಕಳಿಸಿ, ಡಾಲ್ಫಿನೇರಿಯಂಗಳಿಗೆ ಅನುಮತಿ ಕೊಡಕೂಡದು ಎಂದಿತು. ಡಾಲ್ಫಿನ್ನನ್ನು "ಮನುಷ್ಯನಲ್ಲದ ವ್ಯಕ್ತಿ" ಎಂದು ಕಾಣಬೇಕೆಂಬ ವಿಜ್ಞಾನಿಗಳ ಮಾತನ್ನೂ ಅದರಲ್ಲಿ ಸೇರಿಸಿತ್ತು. ಸರ್ಕಾರಿ ಕಾಗದದಲ್ಲಿ ಅಂಥ ಸಾಲು ಓದಿ ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. 1990ರ ದಶಕದ ಕೊನೆಗೆ ಚೆನ್ನೈ ಹತ್ತಿರ ಒಂದು ಕಡೆ ಬಲ್ಗೇರಿಯಾದಿಂದ ಡಾಲ್ಫಿನ್ ತರಿಸಿದ್ದರು. ಕೆಲವೇ ತಿಂಗಳಲ್ಲಿ ಸತ್ತವು. ವಾಟ್ಸಾಪಿನವರಿಗೆ ಇದನ್ನೂ ಕಳಿಸಿ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಗಂಗಾ ಡಾಲ್ಫಿನ್ ನಮ್ಮ ರಾಷ್ಟ್ರೀಯ ಜಲಚರ. ಅದನ್ನು ಯಾಕೆ ಕೊಲ್ಲುತ್ತಾರೆ?
(ದಾವಣಗೆರೆಯಿಂದ)

ಉತ್ತರ: ಎಣ್ಣೆಗೆ. ಅದರ ಕೊಬ್ಬಿನ ಎಣ್ಣೆಯ ವಾಸನೆಗೆ ನದಿಯ ಕೆಲವು ಮೀನುಗಳು ಮುತ್ತುತ್ತವೆ. ಬಿಹಾರದ ಕಡೆಯ ಬೆಸ್ತರು ಅದನ್ನೇ ಆಮಿಷವಾಗಿ ಬಳಸುತ್ತಿದ್ದರು. ಪಟ್ನಾದ ಪ್ರಾಧ್ಯಾಪಕ ಆರ್.ಕೆ. ಸಿನ್ಹಾ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಮೀನು ಕೊಯ್ದಾಗ ಬಿಸಾಡುವ ಕರುಳು, ಚೂರುಗಳಿಂದಲೇ ಎಣ್ಣೆ ತೆಗೆದು, ಅದಕ್ಕೂ ಮೀನು ಬರುತ್ತದೆ ಎಂದು ತೋರಿಸಿದರು. ಬೈಯುವ ಬದಲು ಬೇರೆ ಎಣ್ಣೆ ಕೊಟ್ಟರು. 2025ರಲ್ಲಿ ಪ್ರಕಟವಾದ ಮೊದಲ ಸಮಗ್ರ ಗಣತಿಯಲ್ಲಿ ದೇಶದಲ್ಲಿ 6,327 ನದಿ ಡಾಲ್ಫಿನ್ ಲೆಕ್ಕಕ್ಕೆ ಸಿಕ್ಕಿವೆ. ಅದರಲ್ಲಿ ಮೂರು ಮಾತ್ರ ಸಿಂಧೂ ಡಾಲ್ಫಿನ್, ಪಂಜಾಬಿನ ಬಿಯಾಸ್ ನದಿಯವು. ಪರೀಕ್ಷೆಯಲ್ಲಿ ಕೇಳಿದರೆ ರಾಷ್ಟ್ರೀಯ ಜಲಚರ ಎಂದು ತೀರ್ಮಾನವಾದ ವರ್ಷ 2009.

ಪ್ರಶ್ನೆ: ದಸರಾ ರಜೆಗೆ ಕಾರವಾರಕ್ಕೆ ಹೋಗುತ್ತಿದ್ದೇವೆ. ಬೋಟಿನಲ್ಲಿ ಹೋಗಿ ಡಾಲ್ಫಿನ್ ನೋಡುವುದೂ ತಪ್ಪೇ?
(ಹುಬ್ಬಳ್ಳಿಯಿಂದ)

ಉತ್ತರ: ಖಂಡಿತ ಹೋಗಿ. ಕಾಳಿ ನದಿ ಕಡಲು ಸೇರುವ ಕಡೆ, ದೇವಬಾಗ, ಕೂರ್ಮಗಡದ ಆಸುಪಾಸಿನಲ್ಲಿ ಕಾಣುವುದು ಬೆನ್ನ ಮೇಲೆ ದಿಬ್ಬವಿರುವ ಡಾಲ್ಫಿನ್. ದಡದ ಹತ್ತಿರವೇ ಬದುಕುವ, ಅಳಿವಿನ ಅಂಚಿಗೆ ಬಂದಿರುವ ಜಾತಿ. ಬೋಟು ಹತ್ತುವ ಮೊದಲೇ ಮಾತಾಡಿಕೊಳ್ಳಿ: "ಡಾಲ್ಫಿನ್ ಕಾಣದಿದ್ದರೂ ಪೂರ್ತಿ ದುಡ್ಡು ಕೊಡುತ್ತೇವೆ, ಅಟ್ಟಿಸಿಕೊಂಡು ಹೋಗಬೇಡಿ." ದುಡ್ಡು ವಾಪಸ್ ಕೇಳುತ್ತಾರೆ ಎಂಬ ಭಯಕ್ಕೇ ಬೋಟಿನವರು ಮೂರು ಕಡೆಯಿಂದ ಸುತ್ತುವರಿಯುವುದು. ಬೆನ್ನು ಕಂಡ ಕೂಡಲೇ ಎಂಜಿನ್ ಆರಿಸಲು ಹೇಳಿ, ಮಕ್ಕಳಿಗೆ ಕೂಗಬೇಡಿ ಎನ್ನಿ. ಮೀನು, ಚಿಪ್ಸ್ ಏನನ್ನೂ ಎಸೆಯಬೇಡಿ. ಬೋಟು ಸುಮ್ಮನೆ ತೇಲುತ್ತಿದ್ದರೆ ಕೆಲವು ಸಲ ಅವೇ ಹತ್ತಿರ ಬರುತ್ತವೆ. ಮೊದಲು ಕೇಳುವುದು ಉಸಿರು, ಪ್ರೆಶರ್ ಕುಕ್ಕರಿನ ಕೊನೆಯ ಆವಿ ಹೋದ ಹಾಗೆ "ಪುಸ್ಸ್" ಎಂದು. ಗಾಳಿ ನಿಮ್ಮ ಕಡೆ ಇದ್ದರೆ ಹಸಿ ಮೀನಿನ ವಾಸನೆಯೂ ಬರುತ್ತದೆ. ಮೂಗು ಮುಚ್ಚಿಕೊಳ್ಳಬೇಡಿ.